ಮೂರು ಸಂಸ್ಥೆ, ಒಂದು ಲೆಡ್ಜರ್: ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ಗೆ ಸರ್ವರ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಬ್ಲಾಕ್‌ಚೈನ್ ಅಂದ ತಕ್ಷಣ ಮಾತು ಬಿಟ್‌ಕಾಯಿನ್ ರೇಟಿಗೆ ಹೋಗುತ್ತದೆ. ಇಲ್ಲಿ ಆ ವಿಷಯವೇ ಇಲ್ಲ. ಒಬ್ಬರನ್ನೊಬ್ಬರು ಪೂರ್ತಿ ನಂಬದ, ಆದರೆ ಒಟ್ಟಿಗೆ ವ್ಯವಹಾರ ಮಾಡಲೇಬೇಕಾದ ಕೆಲವು ಸಂಸ್ಥೆಗಳು ಒಂದೇ ಲೆಕ್ಕದ ಪುಸ್ತಕ ಇಟ್ಟುಕೊಳ್ಳಬೇಕು, ಅದರ ಪ್ರತಿ ಎಲ್ಲರ ಹತ್ತಿರವೂ ಇರಬೇಕು, ಯಾರೊಬ್ಬರೂ ಸುಮ್ನೆ ಹೋಗಿ ತಿದ್ದಲು ಆಗಬಾರದು ಅನ್ನುವ ಕೆಲಸ ಇದು. ಇಂಥ ಕೆಲಸಕ್ಕೆ ಕಂಪನಿಗಳು ಹೆಚ್ಚಾಗಿ ನೋಡುವುದು ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಕಡೆಗೆ. ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಬೆಳೆದದ್ದು. 1.0 ಆವೃತ್ತಿ ಬಂದದ್ದು 2017ರಲ್ಲಿ. ಈ ಬರಹ ದೀರ್ಘಾವಧಿ ಬೆಂಬಲ ಇರುವ 2.5 ಆವೃತ್ತಿಯನ್ನು ಹಿಡಿದು ಸಾಗುತ್ತದೆ.

ಉದಾಹರಣೆಗೆ ಕಾಫಿ ತೆಗೆದುಕೊಳ್ಳೋಣ. ದೇಶದ ಕಾಫಿಯಲ್ಲಿ ಶೇ. 70ರ ಆಸುಪಾಸು ಕರ್ನಾಟಕದ್ದೇ, ಮತ್ತು 2019ರ ಮಾರ್ಚ್‌ನಲ್ಲಿ ಕಾಫಿ ಬೋರ್ಡ್ ಬ್ಲಾಕ್‌ಚೈನ್ ಆಧಾರದ ಇ-ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಶುರು ಮಾಡಿತ್ತು. ನಾನಿಲ್ಲಿ ಹೇಳುವ ಜಾಲ ಅದಲ್ಲ, ಊಹೆಯದ್ದು. ಮೂರು ಪಕ್ಷ: ಬೆಳೆಗಾರರ ಸಂಘ, ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ), ರಫ್ತುದಾರ. ಪಾರ್ಚ್‌ಮೆಂಟ್ (ಒಳಸಿಪ್ಪೆ ಇನ್ನೂ ಇರುವ ಕಾಫಿ ಬೀಜ) ಲಾಟ್ ಎಷ್ಟು ತೂಗಿತು, ತೇವಾಂಶ ಎಷ್ಟಿತ್ತು, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ) ಎಷ್ಟು ಬಂತು ಎಂಬುದಕ್ಕೆ ಮೂವರ ಒಪ್ಪಿಗೆ ಇರುವ ದಾಖಲೆ ಬೇಕು.

ಮೊದಲೇ ಒಂದು ಮಾತು. ಮೂವರೂ ಒಪ್ಪುವ ನಾಲ್ಕನೆಯವರು ಒಬ್ಬರಿದ್ದರೆ ಇದ್ಯಾವುದೂ ಬೇಡ. ಅವರ ಹತ್ತಿರ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಡಿಸಿ, ಕೆಲಸ ಮುಗಿಯಿತು. ಖರ್ಚೂ ಕಮ್ಮಿ, ವೇಗವೂ ಜಾಸ್ತಿ.

ಹಂತ 1: ಯಾರ ಸರ್ವರ್, ಯಾರ ಕೀ

ಜನ ಮೊದಲು ಕೇಳುವುದು "ಎಷ್ಟು ರ‍್ಯಾಮ್ ಬೇಕು" ಅಂತ. ಅದು ಆಮೇಲಿನ ಪ್ರಶ್ನೆ. ಪ್ರೆಸೆಂಟೇಶನ್‌ನಲ್ಲಿ ಮೂರು ಸಂಸ್ಥೆಗಳ ಚಿತ್ರ ಚಂದವಾಗಿರುತ್ತದೆ, ಒಳಗೆ ನೋಡಿದರೆ ಮೂರೂ ಸಂಸ್ಥೆಗಳ ನೋಡ್‌ಗಳು (ಜಾಲದ ಸರ್ವರ್‌ಗಳು) ಒಬ್ಬನೇ ವೆಂಡರ್‌ನ ಒಂದೇ ಕ್ಲೌಡ್ ಅಕೌಂಟಿನಲ್ಲಿ ಓಡುತ್ತಿರುತ್ತವೆ, ಎಲ್ಲರ ಪ್ರೈವೇಟ್ ಕೀಗಳೂ (ಡಿಜಿಟಲ್ ಸಹಿ ಹಾಕಲು ಬೇಕಾದ ಗುಟ್ಟಿನ ಸಂಕೇತಗಳು) ಒಂದೇ ಫೋಲ್ಡರಿನಲ್ಲಿರುತ್ತವೆ. ಆ ಅಕೌಂಟಿನ ಪಾಸ್‌ವರ್ಡ್ ಇರುವವನು ಏನು ಬೇಕಾದರೂ ಬರೆಯಬಹುದು. ಅದು ನಿಧಾನವಾದ ಡೇಟಾಬೇಸ್, ಅಷ್ಟೇ. ಹಾಗಾಗಿ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ: ಯಾವ ಯಂತ್ರ ಯಾರ ಹೆಸರಿನಲ್ಲಿ, ಅದರ ಬಿಲ್ ಯಾರು ಕಟ್ಟುತ್ತಾರೆ, ಅದರೊಳಗೆ ಲಾಗಿನ್ ಯಾರಿಗೆ.

ಫ್ಯಾಬ್ರಿಕ್‌ನಲ್ಲಿ ಮುಖ್ಯವಾಗಿ ಮೂರು ಬಗೆಯ ಸರ್ವರ್ ಇರುತ್ತವೆ. ಪಿಯರ್ ಲೆಡ್ಜರ್‌ನ ಪ್ರತಿ ಇಟ್ಟುಕೊಳ್ಳುತ್ತದೆ ಮತ್ತು ವಹಿವಾಟನ್ನು ಓಡಿಸಿ ನೋಡಿ ಸಹಿ ಹಾಕುತ್ತದೆ. ಆರ್ಡರರ್ ಸಹಿಯಾದ ವಹಿವಾಟುಗಳನ್ನು ಸಾಲಾಗಿ ಜೋಡಿಸಿ ಬ್ಲಾಕ್ ಕಟ್ಟುತ್ತದೆ. ಸಿಎ (ಸರ್ಟಿಫಿಕೇಟ್ ಅಥಾರಿಟಿ) ಸರ್ವರ್ ಎಲ್ಲರಿಗೂ ಸರ್ಟಿಫಿಕೇಟ್, ಅಂದರೆ ಡಿಜಿಟಲ್ ಗುರುತಿನ ಚೀಟಿ, ಕೊಡುತ್ತದೆ. ಪಿಯರ್ ಮತ್ತು ಸಿಎ ಪ್ರತಿ ಸಂಸ್ಥೆಗೂ ತನ್ನದೇ ಇರಬೇಕು, ಅದರಲ್ಲಿ ಚರ್ಚೆ ಇಲ್ಲ. ಲೆಕ್ಕ ಹಾಕಬೇಕಾದದ್ದು ಆರ್ಡರರ್ ವಿಷಯದಲ್ಲಿ.

2.5ರಲ್ಲಿ ಆರ್ಡರರ್‌ಗಳು ರಾಫ್ಟ್ ಎಂಬ ವಿಧಾನದಲ್ಲಿ ನಡೆಯುತ್ತವೆ. ಅರ್ಧಕ್ಕಿಂತ ಹೆಚ್ಚು ಆರ್ಡರರ್‌ಗಳು ಬದುಕಿದ್ದರೆ ಮಾತ್ರ ಜಾಲ ಮುಂದೆ ಹೋಗುತ್ತದೆ. ಮೂರಿದ್ದರೆ ಒಂದು ಬಿದ್ದರೂ ಪರವಾಗಿಲ್ಲ, ಐದಿದ್ದರೆ ಎರಡು ಬೀಳಬಹುದು. ನಾಲ್ಕು ಇಟ್ಟರೆ? ಆಗಲೂ ಒಂದೇ ಬೀಳಬಹುದು, ಹಾಗಾಗಿ ನಾಲ್ಕನೆಯದು ದಂಡ. ಸಂಸ್ಥೆಗೊಂದರಂತೆ ಮೂರು ಇಡುವುದು ಸುಲಭ, ಆದರೆ ಒಂದನ್ನು ಪ್ಯಾಚ್ ಮಾಡಲು ನಿಲ್ಲಿಸಿದ ಹೊತ್ತಿನಲ್ಲೇ ಇನ್ನೊಂದು ಕೈಕೊಟ್ಟರೆ ಮೂರೂ ಸಂಸ್ಥೆಗಳ ಕೆಲಸ ನಿಲ್ಲುತ್ತದೆ. ನಿಜವಾದ ಬಳಕೆಗೆ ಐದು ಇಡಿ, 2-2-1 ಹಂಚಿ. ಯಾವ ಒಂದು ಸಂಸ್ಥೆ ಪೂರ್ತಿ ಆಫ್ ಆದರೂ ಕನಿಷ್ಠ ಮೂರು ಉಳಿಯುತ್ತವೆ. ಒಂದೇ ಆರ್ಡರರ್ ಸಿಕ್ಕವರು ಮೀಟಿಂಗ್‌ನಲ್ಲಿ ಮುಖ ಸಿಂಡರಿಸುತ್ತಾರೆ, ಅದನ್ನು ನಿಭಾಯಿಸಿಕೊಳ್ಳಬೇಕು. ಎರಡೇ ಸಂಸ್ಥೆಗಳಿರುವ ಜಾಲಕ್ಕೆ ಮಾತ್ರ ಯಾವ ಹಂಚಿಕೆಯೂ ಸರಿಹೋಗುವುದಿಲ್ಲ. ಯಾರಾದರೊಬ್ಬರ ಹತ್ತಿರ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇದ್ದೇ ಇರುತ್ತವೆ, ಅವರು ಬಿದ್ದರೆ ಎಲ್ಲವೂ ಬೀಳುತ್ತದೆ.

ರಾಫ್ಟ್ ತಡೆದುಕೊಳ್ಳುವುದು ಸರ್ವರ್ ಕೆಟ್ಟು ನಿಲ್ಲುವುದನ್ನು. ಬೇಕಂತಲೇ ಮೋಸ ಮಾಡುವ ಆರ್ಡರರ್ ಅದರ ಲೆಕ್ಕದಲ್ಲಿಲ್ಲ. ಆದರೂ ಅಂಥ ಆರ್ಡರರ್ ಹೊಸ ವಹಿವಾಟು ಸೃಷ್ಟಿಸಲು ಆಗುವುದಿಲ್ಲ, ಯಾಕೆಂದರೆ ಕಳುಹಿಸಿದವರ ಸಹಿ ಮತ್ತು ಪಿಯರ್‌ಗಳ ಸಹಿ ಅದರ ಹತ್ತಿರ ಇಲ್ಲ. ಯಾರದ್ದೋ ವಹಿವಾಟನ್ನು ತಡಮಾಡಬಹುದು, ಕೈಬಿಡಬಹುದು, ಹಿಂದೆಮುಂದೆ ಮಾಡಬಹುದು. ಅಷ್ಟರ ಭಯವೂ ಇದ್ದರೆ 2024ರಲ್ಲಿ ಬಂದ 3.0 ನೋಡಿ, ಅದರಲ್ಲಿ ಮೋಸವನ್ನೂ ತಡೆಯುವ ಸ್ಮಾರ್ಟ್‌ಬಿಎಫ್‌ಟಿ ಇದೆ. ಅಲ್ಲಿ ಒಬ್ಬರ ಕಳ್ಳಾಟ ತಡೆಯಲು ಕನಿಷ್ಠ ನಾಲ್ಕು ಆರ್ಡರರ್ ಬೇಕು.

ಹಂತ 2: ಯಂತ್ರಗಳ ಅಳತೆ

ಕೆಳಗಿನ ಅಂಕಿಗಳು ನನ್ನ ಅಂದಾಜು. ಸಣ್ಣ, ಮಧ್ಯಮ ಜಾಲಕ್ಕೆ ಶುರು ಮಾಡಲು ಸಾಕಾಗುತ್ತವೆ. ಆರ್ಡರರ್‌ಗೆ 2 ಕೋರ್, 4 ಜಿಬಿ ರ‍್ಯಾಮ್. ಪಿಯರ್‌ಗೆ 4 ಕೋರ್, 8 ಜಿಬಿ, ಜೊತೆಗೆ ಕೌಚ್‌ಡಿಬಿ ಎಂಬ ಡೇಟಾಬೇಸ್ ಇದ್ದರೆ 16 ಜಿಬಿ. ಸಿಎಗೆ 1 ಕೋರ್, 2 ಜಿಬಿ ಬೇಕಾದಷ್ಟಾಯಿತು. ಪಿಯರ್ ಪ್ರತಿ ಸಂಸ್ಥೆಗೂ ಎರಡಿರಲಿ, ಒಂದೇ ಇದ್ದರೆ ಅದನ್ನು ಅಪ್‌ಗ್ರೇಡ್ ಮಾಡುವ ದಿನ ಆ ಸಂಸ್ಥೆಯವರು ಏನೂ ನೋಡಲಾಗದೆ ಕೂರಬೇಕು.

ಸಿಪಿಯು ಎಲ್ಲಿ ಖರ್ಚಾಗುತ್ತದೆ ಗೊತ್ತಾ? ಸಹಿ ಪರೀಕ್ಷೆಯಲ್ಲಿ. ಪ್ರತಿ ಬ್ಲಾಕಿನ ಪ್ರತಿ ವಹಿವಾಟಿನ ಪ್ರತಿ ಸಹಿಯನ್ನೂ ಪ್ರತಿ ಪಿಯರ್ ಮತ್ತೆ ಪರೀಕ್ಷಿಸುತ್ತದೆ. ಆದ್ದರಿಂದ ಕ್ಲೌಡ್‌ನಲ್ಲಿ ಅಗ್ಗಕ್ಕೆ ಸಿಗುವ, ಸಿಪಿಯು ಕ್ರೆಡಿಟ್ (ಕೂಡಿಟ್ಟ ಮಿತಿ ಇರುವಷ್ಟು ಹೊತ್ತು ಮಾತ್ರ ಪೂರ್ತಿ ವೇಗ) ಮೇಲೆ ನಡೆಯುವ ಯಂತ್ರಗಳನ್ನು ಪಿಯರ್‌ಗೆ ತೆಗೆದುಕೊಳ್ಳಬೇಡಿ. ಟೆಸ್ಟ್ ಮಾಡುವಾಗ ಚೆನ್ನಾಗಿ ಓಡುತ್ತವೆ, ಕೊಯ್ಲಿನ ಸೀಸನ್‌ನಲ್ಲಿ ದಿನವಿಡೀ ಲೋಡ್ ಬಿದ್ದಾಗ ಕ್ರೆಡಿಟ್ ಮುಗಿದು ತೆವಳತೊಡಗುತ್ತವೆ.

ಡಿಸ್ಕ್ ಕಡ್ಡಾಯವಾಗಿ ಎಸ್‌ಎಸ್‌ಡಿ. ಆರ್ಡರರ್ ಪ್ರತಿ ನಮೂದನ್ನೂ ಡಿಸ್ಕಿಗೆ ಬರೆದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದೆ ಹೋಗುತ್ತದೆ, ಡಿಸ್ಕ್ ನಿಧಾನವಾದರೆ ಇಡೀ ಜಾಲವೇ ನಿಧಾನ. ಎಷ್ಟು ಜಾಗ ಬೇಕು ಅನ್ನೋದನ್ನು ಹೀಗೆ ಲೆಕ್ಕ ಹಾಕಿ. ಒಂದು ಲಾಟ್‌ನ ಮಾಹಿತಿ 300 ಬೈಟ್ ಇರಬಹುದು, ಆದರೆ ವಹಿವಾಟಿನ ಜೊತೆ ಸಹಿ ಹಾಕಿದ ಪ್ರತಿಯೊಬ್ಬರ ಸರ್ಟಿಫಿಕೇಟ್ ಕೂಡ ಹೋಗುತ್ತದೆ, ಹಾಗಾಗಿ 5 ಕೆಬಿ ಎಂದು ಹಿಡಿಯಿರಿ. ದಿನಕ್ಕೆ 20,000 ವಹಿವಾಟು ಅಂದರೆ 100 ಎಂಬಿ, ವರ್ಷಕ್ಕೆ 36 ಜಿಬಿ ಚಿಲ್ಲರೆ. ಇದು ಒಂದು ಪ್ರತಿಯ ಲೆಕ್ಕ. ಆರು ಪಿಯರ್, ಐದು ಆರ್ಡರರ್, ಒಟ್ಟು ಹನ್ನೊಂದು ಕಡೆ ಅಷ್ಟಷ್ಟು ಕೂರುತ್ತದೆ, ಅಳಿಸುವ ಹಾಗಿಲ್ಲ. ಬಿಲ್ ಫೋಟೋ, ಪಿಡಿಎಫ್ ಎಲ್ಲ ಲೆಡ್ಜರ್‌ಗೆ ತುರುಕುವ ಆಸೆ ಬಂದಾಗ ಈ ಹನ್ನೊಂದರಿಂದ ಗುಣಿಸಿ ನೋಡಿ. ಫೈಲ್ ಬೇರೆ ಕಡೆ ಇರಲಿ, ಅದರ ಹ್ಯಾಶ್ (ಫೈಲ್‌ನಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಪುಟ್ಟ ಗುರುತು) ಮಾತ್ರ ಲೆಡ್ಜರ್‌ನಲ್ಲಿರಲಿ.

ಸ್ಟೇಟ್ ಡೇಟಾಬೇಸ್ (ಪ್ರತಿ ದಾಖಲೆಯ ಈಗಿನ ಮೌಲ್ಯ ಇರುವ ಜಾಗ) ಯಾವುದು ಎಂದು ಈಗಲೇ ತೀರ್ಮಾನಿಸಿ, ಆಮೇಲೆ ಲೆವೆಲ್‌ಡಿಬಿಯಿಂದ ಕೌಚ್‌ಡಿಬಿಗೆ ಪಿಯರನ್ನು ಬದಲಿಸುವ ದಾರಿ ಇಲ್ಲ. ಲೆವೆಲ್‌ಡಿಬಿ ಪಿಯರ್ ಒಳಗೇ ಇರುತ್ತದೆ, ವೇಗ ಜಾಸ್ತಿ, ಕೀ (ಇಲ್ಲಿ ದಾಖಲೆಯ ಹೆಸರು, ಸಹಿಯ ಕೀ ಅಲ್ಲ) ಕೊಟ್ಟರೆ ಮೌಲ್ಯ ಕೊಡುತ್ತದೆ. "ತೇವಾಂಶ 11ಕ್ಕಿಂತ ಜಾಸ್ತಿ ಇರುವ ಲಾಟ್‌ಗಳೆಲ್ಲ ಕೊಡು" ಅನ್ನುವಂಥ ಹುಡುಕಾಟ ಬೇಕಾದರೆ ಕೌಚ್‌ಡಿಬಿ. ನನ್ನ ಕೇಳಿದರೆ ಲೆವೆಲ್‌ಡಿಬಿ ಇಟ್ಟು, ಹುಡುಕಾಟ ಮತ್ತು ರಿಪೋರ್ಟಿಗೆ ಪಿಯರ್‌ನ ಈವೆಂಟ್‌ಗಳನ್ನು (ಹೊಸ ಬ್ಲಾಕ್ ಬಂತೆಂಬ ಸುದ್ದಿಗಳನ್ನು) ಕೇಳಿಸಿಕೊಂಡು ಪಕ್ಕದಲ್ಲಿ ಒಂದು ಪೋಸ್ಟ್‌ಗ್ರೆಸ್ ತುಂಬಿಸಿಕೊಳ್ಳುವುದೇ ವಾಸಿ. ಕೌಚ್‌ಡಿಬಿಯೇ ಬೇಕೆಂದರೆ ಅದರ 5984 ಪೋರ್ಟ್ ಪಿಯರ್‌ಗೆ ಬಿಟ್ಟು ಬೇರಾರಿಗೂ ಕಾಣಬಾರದು. ಅಲ್ಲಿಗೆ ಕೈ ಹಾಕಿದವನು ತೂಕದ ಅಂಕಿಯನ್ನು ನೇರವಾಗಿ ತಿದ್ದಬಹುದು. ಬ್ಲಾಕ್‌ಗಳು ಹಾಗೇ ಇರುತ್ತವೆ, ಆದರೆ ಆ ಪಿಯರನ್ನು ಕೇಳಿದವರಿಗೆ ತಪ್ಪು ಉತ್ತರ ಸಿಗುತ್ತದೆ.

ಹಂತ 3: ಜಾಗ, ನೆಟ್‌ವರ್ಕ್, ಗಡಿಯಾರ

ಮೂರು ಅಕೌಂಟ್ ಬೇರೆ ಬೇರೆ ಇದ್ದರೂ ಎಲ್ಲವೂ ಒಂದೇ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿದ್ದರೆ ಮುಂಬೈಗೆ ತೊಂದರೆಯಾದ ದಿನ ಮೂವರಿಗೂ ತೊಂದರೆ. ದೇಶದೊಳಗೇ ಹಂಚಲು ಬೇಕಾದಷ್ಟು ಆಯ್ಕೆ ಇದೆ: ಎಡಬ್ಲ್ಯೂಎಸ್‌ಗೆ ಮುಂಬೈ ಮತ್ತು ಹೈದರಾಬಾದ್, ಗೂಗಲ್‌ಗೆ ಮುಂಬೈ ಮತ್ತು ದೆಹಲಿ, ಅಝೂರ್‌ಗೆ ಪುಣೆ, ಚೆನ್ನೈ, ಮುಂಬೈ. ಸಂಘದವರು ತಮ್ಮ ಆಫೀಸಿನಲ್ಲೇ ಒಂದು ಸರ್ವರ್ ಇಡುತ್ತೇವೆ ಅಂದರೆ ಬೇಡ ಅನ್ನಬೇಡಿ, ಆದರೆ ಅಲ್ಲಿ ಪಿಯರ್ ಮಾತ್ರ ಇರಲಿ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ಗೊತ್ತಲ್ವಾ. ಪಿಯರ್ ಹೋಗಿ ಬಂದರೆ ತಪ್ಪಿಹೋದ ಬ್ಲಾಕ್‌ಗಳನ್ನು ತಾನೇ ತರಿಸಿಕೊಳ್ಳುತ್ತದೆ. ಆರ್ಡರರ್ ಹೀಗೆ ಪದೇಪದೇ ಹೋಗಿ ಬರುತ್ತಿದ್ದರೆ ಮಾತ್ರ ಐದರಲ್ಲಿ ಒಂದು ಇಲ್ಲವೆಂದೇ ಲೆಕ್ಕ, ಇನ್ನು ಎರಡು ಬಿದ್ದರೆ ಜಾಲವೇ ನಿಲ್ಲುತ್ತದೆ.

ಊರುಗಳ ನಡುವಿನ ದೂರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ರಾಫ್ಟ್‌ನ ಒಂದು ಟಿಕ್ 500 ಮಿಲಿಸೆಕೆಂಡ್, ಹತ್ತು ಟಿಕ್ ಲೀಡರ್ (ಬ್ಲಾಕ್‌ಗಳ ಕ್ರಮ ತೀರ್ಮಾನಿಸುವ ಆರ್ಡರರ್) ಕಡೆಯಿಂದ ಸುದ್ದಿಯೇ ಇಲ್ಲದಿದ್ದರೆ ಮಾತ್ರ ಹೊಸ ಲೀಡರ್ ಚುನಾವಣೆ. ಅಂದರೆ ಐದು ಸೆಕೆಂಡ್. ಮುಂಬೈ–ಹೈದರಾಬಾದ್ ನಡುವೆ ಅಷ್ಟು ತಡವಾಗುವುದು ಲಿಂಕ್ ಕಡಿದಾಗಲೇ.

ಪೋರ್ಟ್‌ಗಳು: ಆರ್ಡರರ್‌ಗೆ 7050, ಪಿಯರ್‌ಗೆ 7051, ಸಿಎಗೆ 7054 ವಾಡಿಕೆ. ಮೊದಲೆರಡು ಇತರ ಸಂಸ್ಥೆಗಳ ಐಪಿಗಳಿಗೆ ಮಾತ್ರ ತೆರೆದಿರಲಿ, ಸಿಎ ಹೊರಗೆ ಕಾಣುವುದೇ ಬೇಡ. ಅಳತೆಗಳನ್ನು ಕೊಡುವ ಆಪರೇಷನ್ಸ್ ಪೋರ್ಟ್ ನಿಮ್ಮ ಮಾನಿಟರಿಂಗ್ ಯಂತ್ರಕ್ಕಷ್ಟೇ. ವಿಳಾಸ ಕೊಡುವಾಗ ಐಪಿ ಬಳಸಬೇಡಿ, ಡೊಮೇನ್ ಹೆಸರು ಬಳಸಿ. ಆರ್ಡರರ್‌ಗಳ ವಿಳಾಸ ಚಾನೆಲ್ (ಒಂದೇ ಲೆಡ್ಜರ್ ಹಂಚಿಕೊಳ್ಳುವ ಸಂಸ್ಥೆಗಳ ಗುಂಪು) ಕಾನ್ಫಿಗರೇಶನ್‌ನೊಳಗೆ ಬರೆದುಹೋಗುತ್ತದೆ, ಸರ್ಟಿಫಿಕೇಟ್‌ನಲ್ಲೂ ಇರುತ್ತದೆ. ನಾಳೆ ಯಂತ್ರ ಬದಲಿಸಿದರೆ ಹೆಸರಿನ ಹಿಂದಿನ ಐಪಿ ಬದಲಿಸಿದರೆ ಸಾಕು. ಇಲ್ಲದಿದ್ದರೆ ಮೂರು ಸಂಸ್ಥೆಗಳ ಅಡ್ಮಿನ್‌ಗಳ ಬೆನ್ನು ಹತ್ತಿ ಸಹಿ ಮಾಡಿಸಿಕೊಂಡು ಕಾನ್ಫಿಗರೇಶನ್ ತಿದ್ದಬೇಕು.

ಗಡಿಯಾರವನ್ನು ಯಾರೂ ಗಮನಿಸುವುದಿಲ್ಲ. ಕ್ಲೈಂಟ್ ಕಳಿಸಿದ ಕೆಲವು ಕೋರಿಕೆಗಳ ಸಮಯ ಪಿಯರ್‌ನ ಸಮಯಕ್ಕಿಂತ 15 ನಿಮಿಷ ಆಚೀಚೆ ಆದರೆ ಪಿಯರ್ ಅದನ್ನು ಒಪ್ಪುವುದಿಲ್ಲ, ಸರ್ಟಿಫಿಕೇಟ್ ಪರೀಕ್ಷೆಯೂ ಸಮಯವನ್ನೇ ನಂಬಿದೆ. ಎಲ್ಲ ಯಂತ್ರಗಳಲ್ಲೂ ಸಮಯ ಹೊಂದಿಸುವ ಕ್ರೋನಿ ಹಾಕಿ. ಭಾರತದಲ್ಲಿ ನಡೆಸುವವರಿಗೆ ಇದು ನಿಯಮವೂ ಹೌದು: ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಗಡಿಯಾರ ಹೊಂದಿಸಿರಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಸೈಬರ್ ಘಟನೆ ನಡೆದರೆ 6 ಗಂಟೆಯೊಳಗೆ ತಿಳಿಸಬೇಕು.

ಹಂತ 4: ಕೀ ಮತ್ತು ಸರ್ಟಿಫಿಕೇಟ್

ಫ್ಯಾಬ್ರಿಕ್ ಜೊತೆ ಕ್ರಿಪ್ಟೋಜೆನ್ ಎಂಬ ಸಲಕರಣೆ ಬರುತ್ತದೆ. ಒಂದು ಕಮಾಂಡ್‌ಗೆ ಎಲ್ಲ ಸಂಸ್ಥೆಗಳ ಎಲ್ಲ ಕೀಗಳನ್ನೂ ಮಾಡಿಕೊಡುತ್ತದೆ. ತೊಂದರೆಯೂ ಅದೇ, ಮೂವರ ಕೀಗಳೂ ಒಬ್ಬನ ಲ್ಯಾಪ್‌ಟಾಪಿನಲ್ಲಿ ಹುಟ್ಟುತ್ತವೆ. ಕಲಿಯಲು ಬಳಸಿ, ನಿಜವಾದ ಜಾಲಕ್ಕೆ ಬೇಡ. ಪ್ರತಿ ಸಂಸ್ಥೆಯೂ ತನ್ನ ಫ್ಯಾಬ್ರಿಕ್ ಸಿಎ ಏರಿಸಲಿ, ಗುರುತಿನ ಸರ್ಟಿಫಿಕೇಟಿಗೆ ಒಂದು, ಟಿಎಲ್‌ಎಸ್‌ಗೆ (ಸರ್ವರ್‌ಗಳ ನಡುವಿನ ಮಾತನ್ನು ಗುಟ್ಟಾಗಿಡುವ ವ್ಯವಸ್ಥೆ) ಇನ್ನೊಂದು. ಅದರ ಹಿಂದಿನ ಡೇಟಾಬೇಸ್ ಸುಮ್ನೆ ಬಿಟ್ಟರೆ ಎಸ್‌ಕ್ಯೂಲೈಟ್ ಆಗಿರುತ್ತದೆ, ಪೋಸ್ಟ್‌ಗ್ರೆಸ್‌ಗೆ ಬದಲಿಸಿ. ಕೀ ಹುಟ್ಟಿದ ಯಂತ್ರದಿಂದ ಹೊರಗೆ ಹೋಗಬಾರದು, ಇತರರಿಗೆ ಕಳಿಸುವುದು ಸಾರ್ವಜನಿಕ ಸರ್ಟಿಫಿಕೇಟ್ ಮಾತ್ರ. ದುಡ್ಡಿದ್ದರೆ ಕೀಗಳನ್ನು ಭದ್ರವಾಗಿಡುವ ಯಂತ್ರ ಎಚ್‌ಎಸ್‌ಎಂ ತಗೊಳ್ಳಿ.

ಈಗ ಅವಧಿ. ಫ್ಯಾಬ್ರಿಕ್ ಸಿಎ ಸಾಮಾನ್ಯವಾಗಿ ಕೊಡುವ ಸರ್ಟಿಫಿಕೇಟ್ ಒಂದೇ ವರ್ಷದ್ದು. ಉದ್ಘಾಟನೆಯಾಗಿ ಸರಿಯಾಗಿ ವರ್ಷ ತುಂಬಿದ ದಿನ ಜಾಲ ನಿಂತರೆ ಮೊದಲು ನೋಡಬೇಕಾದದ್ದು ಇದನ್ನೇ. ಆರ್ಡರರ್‌ಗಳ ಟಿಎಲ್‌ಎಸ್ ಸರ್ಟಿಫಿಕೇಟ್‌ನದ್ದು ಇನ್ನೂ ಗೋಜಲು, ಅದು ಚಾನೆಲ್ ಕಾನ್ಫಿಗರೇಶನ್ ಒಳಗೂ ಕೂತಿರುತ್ತದೆ. ಹೊಸ ಕೀ ಜೊತೆ ಹೊಸ ಸರ್ಟಿಫಿಕೇಟ್ ಮಾಡಿದರೆ ಕಾನ್ಫಿಗರೇಶನ್ ಬದಲಿಸಬೇಕು, ಬದಲಿಸಲು ಆರ್ಡರರ್‌ಗಳು ಓಡುತ್ತಿರಬೇಕು, ಸರ್ಟಿಫಿಕೇಟ್ ಮುಗಿದಿದ್ದರೆ ಅವು ಪರಸ್ಪರ ಮಾತನಾಡುವುದೇ ಇಲ್ಲ. ಅಂಥ ಹೊತ್ತಿಗೆ ಆರ್ಡರರ್‌ನ ಟಿಎಲ್‌ಎಸ್ ಸಮಯವನ್ನು ಹಿಂದಕ್ಕೆ ಸರಿಸಿ ನೋಡುವ ಒಂದು ಸೆಟ್ಟಿಂಗ್ ಇದೆ, ಆದರೆ ಅಲ್ಲಿಯವರೆಗೆ ಹೋಗುವುದು ಯಾಕೆ? ಮುಗಿಯುವ ಎರಡು ತಿಂಗಳು ಮೊದಲೇ ಅಲಾರಂ ಇಡಿ. ಒಂದೊಂದೇ ಆರ್ಡರರ್‌ನದ್ದು ಬದಲಿಸಿ, ಅದು ಮತ್ತೆ ಗುಂಪಿಗೆ ಸೇರಿತೆಂದು ನೋಡಿಕೊಂಡು ಮುಂದಿನದಕ್ಕೆ ಹೋಗಿ.

ಹಂತ 5: ಏರಿಸುವ ಕ್ರಮ

ಇದು ಮೇಲಿನಷ್ಟು ಕಷ್ಟವಿಲ್ಲ. ಸಿಎಗಳು ಮೊದಲು. ಆಮೇಲೆ ಪ್ರತಿ ನೋಡ್‌ನ ಸರ್ಟಿಫಿಕೇಟ್ ತಗೊಳ್ಳಿ. ಮೂರೂ ಸಂಸ್ಥೆಗಳ ಸಾರ್ವಜನಿಕ ಸರ್ಟಿಫಿಕೇಟ್‌ಗಳನ್ನು ಒಂದು ಕಡೆ ಸೇರಿಸಿ ಕಾನ್ಫಿಗ್‌ಟಿಎಕ್ಸ್‌ಜೆನ್ ಎಂಬ ಸಲಕರಣೆ ಬಳಸಿ ಚಾನೆಲ್‌ನ ಮೊದಲ ಬ್ಲಾಕ್ ಮಾಡಿ. ಮಾಡಿದ ಬ್ಲಾಕನ್ನು ಮೂರೂ ಕಡೆಯವರು ತೆರೆದು ಓದಬೇಕು, ಯಾರಿಗೆ ಯಾವ ಅಧಿಕಾರ ಎಂಬುದೆಲ್ಲ ಅದರಲ್ಲೇ ಇದೆ. ನಂತರ ಪ್ರತಿ ಆರ್ಡರರ್‌ನಲ್ಲಿ ಓಎಸ್‌ಎನ್‌ಅಡ್ಮಿನ್ ಕಮಾಂಡ್ ಮೂಲಕ ಅದೇ ಬ್ಲಾಕ್ ಕೊಟ್ಟು ಚಾನೆಲ್‌ಗೆ ಸೇರಿಸಿ, ಲೀಡರ್ ಆಯ್ಕೆಯಾದದ್ದು ಲಾಗ್‌ನಲ್ಲಿ ಕಂಡ ಮೇಲೆ ಪಿಯರ್‌ಗಳನ್ನು ಸೇರಿಸಿ. ಪ್ರತಿ ಸಂಸ್ಥೆಯಿಂದ ಒಂದಾದರೂ ಪಿಯರನ್ನು ಆ್ಯಂಕರ್ ಎಂದು ಗುರುತಿಸಿ, ಇಲ್ಲದಿದ್ದರೆ ಸಂಸ್ಥೆಗಳ ಪಿಯರ್‌ಗಳು ಒಂದನ್ನೊಂದು ಕಂಡುಕೊಳ್ಳುವುದಿಲ್ಲ.

ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಓಡಿಸುವ ವ್ಯವಸ್ಥೆ) ಓಡಿಸುವವರು ಲೆಡ್ಜರ್ ಫೋಲ್ಡರನ್ನು ಕಂಟೇನರಿನ ಹೊರಗಿನ ಡಿಸ್ಕಿಗೆ ಕಟ್ಟಿ. ಕಲಿಯಲು ಫ್ಯಾಬ್ರಿಕ್‌ನವರೇ ಕೊಡುವ ಮಾದರಿ ಜಾಲದ ಸ್ಕ್ರಿಪ್ಟ್ ನಿಲ್ಲಿಸುವಾಗ ಎಲ್ಲವನ್ನೂ ಗುಡಿಸಿಹಾಕುತ್ತದೆ, ಅದನ್ನೇ ನಕಲು ಮಾಡಿ ಪ್ರೊಡಕ್ಷನ್‌ಗೆ ತರಬೇಡಿ.

ಹಂತ 6: ಚೈನ್‌ಕೋಡ್

ನಿಯಮಗಳನ್ನು ಬರೆದಿರುವ ಪ್ರೋಗ್ರಾಂ ಇದು. ಗೋ, ಜಾವಾ, ನೋಡ್‌ಜೆಎಸ್ ಮೂರರಲ್ಲೂ ಬರೆಯಬಹುದು. ಹಳೇ ಪದ್ಧತಿಯಲ್ಲಿ ಪಿಯರ್ ತಾನೇ ಡಾಕರ್ ಕಂಟೇನರ್ ಕಟ್ಟಿ ಓಡಿಸುತ್ತದೆ, ಅದಕ್ಕೆ ಯಂತ್ರದ ಡಾಕರ್ ಮೇಲೆ ಪೂರ್ತಿ ಹಿಡಿತ ಕೊಡಬೇಕು. ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್‌ನಲ್ಲಿ ಅದು ಸರಿಹೋಗುವುದಿಲ್ಲ. ಚೈನ್‌ಕೋಡನ್ನು ಬೇರೆ ಸರ್ವಿಸ್ ಆಗಿ ಓಡಿಸುವ ದಾರಿ ಇದೆ, ಅದನ್ನೇ ಹಿಡಿಯಿರಿ.

ಒಂದೇ ವಹಿವಾಟನ್ನು ಎರಡು ಸಂಸ್ಥೆಗಳ ಪಿಯರ್‌ಗಳು ಓಡಿಸಿದಾಗ ಒಂದೇ ಉತ್ತರ ಬರಬೇಕು. ಕೋಡ್ ಒಳಗೆ ಯಂತ್ರದ ಗಡಿಯಾರ ಓದುವುದು, ರ‍್ಯಾಂಡಮ್ ಸಂಖ್ಯೆ, ಹೊರಗಿನ ಎಪಿಐನಿಂದ ಕಾಫಿ ರೇಟ್ ತರುವುದು ಯಾವುದೂ ನಡೆಯುವುದಿಲ್ಲ. ಸಮಯ ಬೇಕಿದ್ದರೆ ವಹಿವಾಟಿನ ಜೊತೆ ಬಂದ ಸಮಯ ಬಳಸಿ.

ಎಲ್ಲರಿಗೂ ಮೊದಲ ವಾರದಲ್ಲೇ ಎದುರಾಗುವ ಇನ್ನೊಂದು ಇದೆ. ಕ್ಯೂರಿಂಗ್ ವರ್ಕ್ಸ್‌ಗೆ ಲಾರಿ ಬಂತು. ವೇಬ್ರಿಡ್ಜ್‌ನಲ್ಲಿ ಕೂತವರು ಲಾಟ್‌ನ ತೂಕ ಒತ್ತಿದರು, ಅದೇ ಸೆಕೆಂಡಿನಲ್ಲಿ ಲ್ಯಾಬ್‌ನವರು ಅದೇ ಲಾಟ್‌ನ ತೇವಾಂಶ ಒತ್ತಿದರು. ಇಬ್ಬರ ಕೋಡೂ ಲಾಟ್‌ನ ಹಳೇ ದಾಖಲೆ ಓದಿ, ತನ್ನ ಅಂಕಿ ಸೇರಿಸಿ, ವಾಪಸ್ ಬರೆಯುತ್ತದೆ. ಇಬ್ಬರಿಗೂ ಪಿಯರ್‌ಗಳು ಸಹಿ ಹಾಕಿದವು. ಎರಡೂ ಒಂದೇ ಬ್ಲಾಕಿಗೆ ಬಿದ್ದವು. ಪರೀಕ್ಷೆಯ ಹೊತ್ತಿಗೆ ಮೊದಲನೆಯದು ದಾಖಲೆಯನ್ನು ಬದಲಿಸಿಬಿಟ್ಟಿದೆ, ಎರಡನೆಯದು ಓದಿದ್ದು ಹಳೇ ಆವೃತ್ತಿ, ಹಾಗಾಗಿ ಅದು ಎಂವಿಸಿಸಿ ರೀಡ್ ಕಾನ್‌ಫ್ಲಿಕ್ಟ್ ಎಂದು ಅಮಾನ್ಯ. ಬ್ಲಾಕಿನಲ್ಲಿ ಉಳಿಯುತ್ತದೆ, ಲೆಕ್ಕಕ್ಕಿಲ್ಲ. ಸರ್ವರ್ ದೊಡ್ಡದು ಮಾಡಿದರೆ ಇದು ಹೋಗುವುದಿಲ್ಲ, ಎಷ್ಟೋ ಜನ ಅದನ್ನೇ ಮಾಡುತ್ತಾರೆ. ಡೇಟಾಬೇಸ್‌ನಲ್ಲಿ ತೂಕಕ್ಕೊಂದು ಕೀ, ತೇವಾಂಶಕ್ಕೊಂದು ಕೀ ಮಾಡಿ. ಆ್ಯಪ್‌ನಲ್ಲಿ "ಕಳಿಸಿದೆ" ಅಂತಲ್ಲ, "ಬ್ಲಾಕ್‌ನಲ್ಲಿ ಮಾನ್ಯವಾಯಿತು" ಅನ್ನುವ ಉತ್ತರ ಬಂದ ಮೇಲೆಯೇ ಹಸಿರು ಗುರುತು ತೋರಿಸಿ.

ಬೆಳೆಗಾರರ ಹೆಸರು, ಫೋನ್, ಬ್ಯಾಂಕ್ ಖಾತೆ ಚಾನೆಲ್ ಮೇಲೆ ಬರೆಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಅಳಿಸಿಹಾಕಿ ಎಂದು ಕೇಳುವ ಹಕ್ಕಿದೆ, ಲೆಡ್ಜರ್‌ನಲ್ಲಿ ಅಳಿಸುವುದೇ ಇಲ್ಲ. ಅಂಥದ್ದನ್ನು ಆಯ್ದ ಸಂಸ್ಥೆಗಳಿಗಷ್ಟೇ ಕಾಣುವ ಪ್ರೈವೇಟ್ ಡೇಟಾ ಕಲೆಕ್ಷನ್‌ನಲ್ಲಿಡಿ, ಹ್ಯಾಶ್ ಮಾತ್ರ ಎಲ್ಲರಿಗೂ ಹೋಗುತ್ತದೆ, 2.5ರಿಂದ ಒಳಗಿನ ಮಾಹಿತಿಯನ್ನು ಕೇಳಿದಾಗ ಪೂರ್ತಿ ತೆಗೆಯಲೂ ಬರುತ್ತದೆ.

ಹಂತ 7: ಕಾವಲು, ಬ್ಯಾಕಪ್

ಅಳತೆ ಸಂಗ್ರಹಿಸಲು ಪ್ರೊಮಿಥಿಯಸ್, ಅದನ್ನು ಪರದೆಯ ಮೇಲೆ ತೋರಿಸಲು ಗ್ರಫಾನಾ ಸಾಕು. ಮುಖ್ಯವಾಗಿ ನೋಡಬೇಕಾದದ್ದು ಕೆಲವೇ: ಪ್ರತಿ ಪಿಯರ್‌ನ ಲೆಡ್ಜರ್ ಎತ್ತರ (ಬ್ಲಾಕ್‌ಗಳ ಸಂಖ್ಯೆ) ಒಂದೇ ಇದೆಯಾ, ರಾಫ್ಟ್ ಲೀಡರ್ ಪದೇಪದೇ ಬದಲಾಗುತ್ತಿದ್ದಾನಾ, ಡಿಸ್ಕ್ ಎಷ್ಟು ಉಳಿದಿದೆ, ಸರ್ಟಿಫಿಕೇಟ್‌ಗೆ ಇನ್ನೆಷ್ಟು ದಿನ.

ಬ್ಯಾಕಪ್ ವಿಷಯದಲ್ಲಿ ಜನ ಬ್ಲಾಕ್‌ಗಳ ಹಿಂದೆ ಬೀಳುತ್ತಾರೆ. ಪಿಯರ್‌ನ ಡಿಸ್ಕ್ ಹೋದರೆ ಬ್ಲಾಕ್‌ಗಳು ಆರ್ಡರರ್‌ಗಳಿಂದ ಮತ್ತೆ ಸಿಗುತ್ತವೆ. ಸಿಗದೇ ಇರುವುದು ಕೀಗಳು, ಸಿಎ ಡೇಟಾಬೇಸ್, ಮತ್ತು ಬೇರಾವ ಪಿಯರ್‌ನಲ್ಲೂ ಇಲ್ಲದ ಪ್ರೈವೇಟ್ ಡೇಟಾ. ಅವುಗಳ ಬ್ಯಾಕಪ್ ಮೊದಲು. ಆರ್ಡರರ್‌ನ ಡಿಸ್ಕ್ ಹೋದರೆ ಹಳೇ ಬ್ಯಾಕಪ್ ತಂದು ಏರಿಸುವ ಆತುರ ಬೇಡ. ಅದನ್ನು ಗುಂಪಿನಿಂದ ತೆಗೆದು ಹೊಸದಾಗಿ ಸೇರಿಸುವುದು ಸುರಕ್ಷಿತ. ಎಲ್ಲ ಆರ್ಡರರ್‌ಗಳನ್ನೂ ಹಿಂದಿನ ದಿನದ ಸ್ಥಿತಿಗೆ ತಂದರಂತೂ ಅವು ಕಟ್ಟುವ ಹೊಸ ಬ್ಲಾಕ್‌ಗಳು ಪಿಯರ್‌ಗಳಲ್ಲಿ ಆಗಲೇ ಇರುವ ಬ್ಲಾಕ್‌ಗಳಿಗೆ ಹೊಂದುವುದಿಲ್ಲ.

ನಿಜವಾದ ಲೆಕ್ಕ ಶುರುವಾಗುವ ಮುಂಚೆ ಒಂದು ದಿನ ಕೂತು, ಒಂದು ಸಂಸ್ಥೆಯ ಎಲ್ಲ ಯಂತ್ರಗಳನ್ನೂ ಹೇಳದೆ ಕೇಳದೆ ಆಫ್ ಮಾಡಿ. ಉಳಿದಿಬ್ಬರ ವಹಿವಾಟು ನಡೆಯಬೇಕು, ಮೂವರಲ್ಲಿ ಇಬ್ಬರ ಸಹಿ ಸಾಕೆಂಬ ನಿಯಮ ಇಟ್ಟಿದ್ದರೆ. ಮೂವರದ್ದೂ ಬೇಕೆಂದು ಬರೆದಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ. ಆಮೇಲೆ ಅವರದ್ದನ್ನು ಆನ್ ಮಾಡಿ, ಎತ್ತರ ಸಮವಾಗುವವರೆಗೆ ಕಾಯಿರಿ.

ಕೊನೆಯದಾಗಿ, ಯಾರಾದರೂ ಜಾಲ ಬಿಟ್ಟು ಹೋಗುವ ದಿನದ ಕ್ರಮವನ್ನೂ ಈಗಲೇ ಬರೆದಿಡಿ. ಅವರ ಆರ್ಡರರ್‌ಗಳನ್ನು ಒಂದೊಂದಾಗಿ ತೆಗೆಯಬೇಕು, ಉಳಿದವರ ಬಹುಮತದ ಲೆಕ್ಕ ನಡುವೆ ತಪ್ಪದ ಹಾಗೆ. ನಂತರ ಕಾನ್ಫಿಗರೇಶನ್‌ನಿಂದ ಸಂಸ್ಥೆಯನ್ನೇ ತೆಗೆಯಬೇಕು, ಅದಕ್ಕೆ ಉಳಿದಿಬ್ಬರ ಅಡ್ಮಿನ್ ಸಹಿ ಬೇಕು. ಅವರ ಡಿಸ್ಕಿನಲ್ಲಿ ಅಲ್ಲಿಯವರೆಗಿನ ಪೂರ್ತಿ ಲೆಡ್ಜರ್ ಉಳಿದೇ ಉಳಿಯುತ್ತದೆ, ಅದನ್ನು ವಾಪಸ್ ಪಡೆಯುವ ಕಮಾಂಡ್ ಇಲ್ಲ. ಅದರ ಬಗ್ಗೆ ಏನಾಗಬೇಕು ಅನ್ನೋದು ಮೂವರೂ ಸಹಿ ಹಾಕುವ ಒಪ್ಪಂದದ ಕಾಗದದಲ್ಲಿರಬೇಕು.